ಚಹಾದೊಳಗೆ ಕೋಕೋ

ಇವತ್ತು ಸಂಜೆ ಮಸಾಲೆ ಚಹಾಕ್ಕೆ ಕೋಕೋ ಪುಡಿ ಬಿತ್ತು. ಹೊರಗೆ ಮಳೆ, ಡಬ್ಬಿಯಲ್ಲಿ ಬಿಸ್ಕತ್ತು ಖಾಲಿ. ಏನಾದರೂ ಬೇಕಲ್ವಾ!

ಕೋಕೋವನ್ನು ಸೀದಾ ಪಾತ್ರೆಗೆ ಸುರಿದರೆ ಗಂಟುಗಂಟಾಗಿ ಮೇಲೆ ತೇಲುತ್ತದೆ. ಅದರಲ್ಲಿ ಕೊಬ್ಬಿನಂಶ ಇದೆಯಲ್ಲ, ನೀರಿಗೆ ಸುಲಭವಾಗಿ ಬೆರೆಯಲ್ಲ. ಲೋಟದಲ್ಲೇ ಕೋಕೋ, ಸಕ್ಕರೆ ಹಾಕಿ, ಸ್ವಲ್ಪ ಬಿಸಿ ಹಾಲಲ್ಲಿ ಚಮಚದಿಂದ ಚೆನ್ನಾಗಿ ತಿಕ್ಕಬೇಕು. ಗಂಟೆಲ್ಲ ಹೋಗಿ ಹೊಳೆಯೋಕೆ ಶುರುವಾದಾಗ ಮೇಲಿಂದ ಚಹಾ ಸೋಸುವುದು.

ಕುಡಿದಾಗ ಮೊದಲು ಶುಂಠಿಯ ರುಚಿ, ಆಮೇಲೆ ಏಲಕ್ಕಿ. ಚಾಕೊಲೇಟ್ ಬರುವುದು ನುಂಗಿದ ಮೇಲೆ, ನಾಲಿಗೆಯ ಹಿಂದೆಲ್ಲೋ, ಸಣ್ಣ ಕಹಿಯಾಗಿ. ಲವಂಗ ಮಾತ್ರ ಒಂದೇ ಸಾಕು. ಜಾಸ್ತಿಯಾದರೆ ಬೇರೆ ಯಾರಿಗೂ ಮಾತಾಡೋಕೆ ಬಿಡಲ್ಲ.

ಏಲಕ್ಕಿ, ಶುಂಠಿ, ಕೋಕೋ, ಎಲ್ಲ ನಮ್ಮ ಕಡೆಯವೇ. ದಕ್ಷಿಣ ಕನ್ನಡದ ಅಡಿಕೆ ಮರಗಳ ನೆರಳಲ್ಲಿ ಕೋಕೋ ಬೆಳೆಯುತ್ತದೆ. ಪುತ್ತೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಆದರೂ ಕೆಫೆಯ ಮೆನುವಿನಲ್ಲಿ 'ಚಾಕೊಲೇಟ್ ಚಾಯ್' ಕಂಡರೆ ಯಾವುದೋ ಫಾರಿನ್ ಸರಕು ಅಂತಲೇ ಅನಿಸುತ್ತದೆ, ಬೆಲೆಯೂ ಹಾಗೇ ಇರುತ್ತದೆ.

ಅಮ್ಮ ಒಂದು ಗುಟುಕು ಕುಡಿದು, "ಚಹಾನೋ ಬೋರ್ನ್‌ವಿಟಾನೋ, ಒಂದು ತೀರ್ಮಾನ ಮಾಡು" ಅಂದರು. ಲೋಟ ಮಾತ್ರ ವಾಪಸ್ ಕೊಡಲಿಲ್ಲ.