1940ರ ದಶಕದ ಕೇಶಶೈಲಿ: ಕೆಲಸವೆಲ್ಲ ಹಿಂದಿನ ರಾತ್ರಿಯದು

ನಾಟಕಕ್ಕೋ ಕಿರುಚಿತ್ರಕ್ಕೋ ಎರಡನೇ ಮಹಾಯುದ್ಧದ ಕಾಲದ ಹೆಣ್ಣು ಪಾತ್ರವೊಂದು ಬಂದರೆ ಹೇರ್ ವಿಭಾಗದವರ ಕಿವಿಗೆ ಬೀಳುವ ಮೊದಲ ಮಾತು 'ವಿಕ್ಟರಿ ರೋಲ್ ಹಾಕಿಬಿಡಿ'. ಕಲಾವಿದೆ ಬರುವುದು ಬೆಳಿಗ್ಗೆ ಆರಕ್ಕೆ, ಶಾಟ್ ಎಂಟಕ್ಕೆ. ಅಷ್ಟರಲ್ಲಿ ಕರ್ಲಿಂಗ್ ಐರನ್ ಹಿಡಿದು, ಹಣೆಯ ಮೇಲೆ ಎರಡು ಸುರುಳಿ ಸುತ್ತಿ, ಸ್ಪ್ರೇ ಹೊಡೆದರೆ ಮುಗಿಯಿತು ಎಂಬ ಲೆಕ್ಕ. ಹನ್ನೊಂದು ಗಂಟೆಗೆ ಒಂದು ಸುರುಳಿ ಕಿವಿಯ ಹತ್ತಿರ ಜೋತುಬಿದ್ದಿರುತ್ತದೆ. ಸುತ್ತಿದವರ ಕೈಯಲ್ಲಿ ತಪ್ಪಿಲ್ಲ. ರೋಲ್ ಕಟ್ಟುವುದು ಕೊನೆಯ 20 ನಿಮಿಷದ ಕೆಲಸ. ಅದನ್ನು ಹಿಡಿದು ನಿಲ್ಲಿಸುವುದು ಅದರೊಳಗಿನ ಸೆಟ್, ಅಂದರೆ ಒದ್ದೆ ಕೂದಲನ್ನು ಸುತ್ತಿ ಒಣಗಿಸಿ ಕೊಟ್ಟ ಆಕಾರ. ಆ ಸೆಟ್ ಹಾಕಬೇಕಾದದ್ದು ಹಿಂದಿನ ಸಂಜೆ.

ಆ ಕಾಲದ ಹೆಂಗಸರು ಮಾಡುತ್ತಿದ್ದುದೂ ಇದನ್ನೇ. ರಾತ್ರಿ ಒದ್ದೆ ಕೂದಲನ್ನು ಸಣ್ಣ ಸಣ್ಣ ಬಳೆಗಳಾಗಿ ಸುತ್ತಿ ಪಿನ್ ಹಾಕಿ, ಮೇಲೊಂದು ಸ್ಕಾರ್ಫ್ ಕಟ್ಟಿ ಮಲಗಿದರೆ ಬೆಳಿಗ್ಗೆ ಬಿಚ್ಚಿ ಬಾಚುವುದಷ್ಟೇ ಬಾಕಿ. ಬ್ರಿಟನ್ನಿನಲ್ಲಿ 1942ರ ಫೆಬ್ರವರಿಯಿಂದ ಸೋಪಿಗೂ ರೇಷನ್ ಬಂತು, ಹಾಗಾಗಿ ದಿನವೂ ತಲೆಗೆ ನೀರು ಹಾಕುವ ಮಾತೇ ಇರಲಿಲ್ಲ. ಲೋಹವೆಲ್ಲ ಯುದ್ಧಸಾಮಗ್ರಿಗೆ ಹೋಗುತ್ತಿದ್ದುದರಿಂದ ಪಿನ್ನಿಗೂ ಅಭಾವ. ಏರೋಸಾಲ್ ಹೇರ್ ಸ್ಪ್ರೇ ಅಂಗಡಿಗೆ ಬಂದದ್ದು ಯುದ್ಧ ಮುಗಿದ ಮೇಲೆಯೇ. ಅಂದರೆ ನಾವು ಇಂದು ಅನುಕರಿಸುವ ಆ ಫೋಟೋಗಳಲ್ಲಿನ ಕೂದಲು ಸ್ಪ್ರೇ ಬಲದಿಂದ ನಿಂತದ್ದಲ್ಲ. ಇನ್ನೊಂದು ವಿಷಯವನ್ನೂ ನೆನಪಿಡಬೇಕು: ಆ ಹೆಂಗಸರಲ್ಲಿ ಬಹಳಷ್ಟು ಜನ ಪರ್ಮ್ (ತಿಂಗಳುಗಟ್ಟಲೆ ಉಳಿಯುವ ಗುಂಗುರು) ಮಾಡಿಸಿಕೊಂಡಿದ್ದರು. ಅವರ ಕೂದಲಿಗೆ ಮೊದಲೇ ಬಾಗುವ ಅಭ್ಯಾಸವಿತ್ತು. ನಮ್ಮ ಕಡೆಯ ದಪ್ಪ, ನೇರ, ಭಾರದ ಕೂದಲಿನಲ್ಲಿ ಅದೇ ಆಕಾರ ಬೇಕೆಂದರೆ ಸುರುಳಿಯನ್ನು ಅವರಿಗಿಂತ ಬಿಗಿಯಾಗಿ ಸುತ್ತಬೇಕು.

ಮೊದಲು ಕತ್ತರಿಯ ವಿಚಾರ. ಯುದ್ಧಕಾಲದ ಕಟ್ ಹೆಚ್ಚೆಂದರೆ ಭುಜ ಮುಟ್ಟುವಷ್ಟು ಉದ್ದ. ಹಿಂದಿನಿಂದ ನೋಡಿದರೆ ಅಂಚು ಕುದುರೆ ಲಾಳದ ಆಕಾರದಲ್ಲಿ ಬಾಗಿರುತ್ತದೆ, ಒಳಗೆ ಲೇಯರ್‌ಗಳಿರುತ್ತವೆ. ಒಂದೇ ಉದ್ದದ ನೇರ ಕಟ್ ಆದರೆ ಬಾಚಿ ಬಿಟ್ಟ ತಕ್ಷಣ ಭಾರವೆಲ್ಲ ತುದಿಗಿಳಿದು ನೆತ್ತಿ ಚಪ್ಪಟೆ, ಕೆಳಗೆ ಗಂಟೆಯಾಕಾರ ಆಗುತ್ತದೆ. ಸೊಂಟದವರೆಗೆ ಕೂದಲಿರುವ ಕಲಾವಿದೆಗೆ ಕತ್ತರಿಸಿಕೊಳ್ಳಿ ಎನ್ನುವಂತಿಲ್ಲ. ಆಗ ಕಿವಿಯಿಂದ ಮುಂದಿನ ಭಾಗವನ್ನು ಮಾತ್ರ ಸೆಟ್ ಮಾಡಿ, ಹಿಂದಿನದನ್ನು ಎರಡು ಚಪ್ಪಟೆ ಜಡೆಯಾಗಿ ಹೆಣೆದು ಕುತ್ತಿಗೆಯ ಮೇಲೆ ಅಡ್ಡಡ್ಡ ಮಡಿಸಿ, ಸ್ನೂಡ್ ಹಾಕುವುದೇ ಪ್ರಾಮಾಣಿಕ ದಾರಿ. ಸ್ನೂಡ್ ಎಂದರೆ ಕ್ರೋಶಾ ದಾರದಲ್ಲಿ ಹೆಣೆದ ಬಲೆಚೀಲ. ಆ ಕಾಲದಲ್ಲಿ ನಿಜಕ್ಕೂ ಬಳಕೆಯಲ್ಲಿದ್ದ ವಸ್ತು, ಸುಲಭಕ್ಕೆಂದು ನಾವು ಹುಡುಕಿಕೊಂಡ ನೆಪವಲ್ಲ.

ತಲೆಸ್ನಾನ ಹಿಂದಿನ ದಿನವೇ ಆಗಬೇಕು. ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯಿದ್ದರೆ ಎರಡು ಸಲ ಶಾಂಪೂ, ಕಂಡೀಷನರ್ ತುದಿಗೆ ಮಾತ್ರ. ಎಣ್ಣೆಯ ಪದರ ಉಳಿದರೆ ಸೆಟ್ಟಿಂಗ್ ಲೋಷನ್ (ಸುತ್ತಿದ ಆಕಾರ ನಿಲ್ಲಲೆಂದು ಹಚ್ಚುವ ದ್ರವ) ಎಳೆಯನ್ನು ಹಿಡಿಯುವುದೇ ಇಲ್ಲ. ಕೂದಲು ಒದ್ದೆಯಾದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಇಡೀ ವಿದ್ಯೆ ನಿಂತಿರುವುದು ಇದರ ಮೇಲೆ. ಅದಕ್ಕೇ ಸೆಟ್ ಪೂರ್ತಿ ಒಣಗಲೇಬೇಕು. ಅದಕ್ಕೇ ಮಂಗಳೂರಿನ ಸೆಕೆಯಲ್ಲಿ, ಮಳೆಗಾಲದಲ್ಲಿ ಅದು ಬೇಗ ಸಡಿಲಾಗುತ್ತದೆ.

ಲೋಷನ್ ಅಂಗಡಿಯದಾದರೂ ಸರಿ. ಮನೆಯಲ್ಲಿ ಮಾಡುವುದಾದರೆ ಅಗಸೆಬೀಜದ ಲೋಳೆ ಅದ್ಭುತವಾಗಿ ಕೆಲಸ ಮಾಡುತ್ತದೆ. 2 ದೊಡ್ಡ ಚಮಚ ಬೀಜವನ್ನು 2 ಕಪ್ ನೀರಿನಲ್ಲಿ ಹಾಕಿ ಕೈಯಾಡಿಸುತ್ತ 8ರಿಂದ 10 ನಿಮಿಷ ಕುದಿಸಿ. ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯುವ ಹದ ಬಂದಾಗ ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ. ಆರಿದರೆ ಲೋಳೆ ಬೀಜಕ್ಕೆ ಅಂಟಿಕೊಂಡು ಸೋಸಲು ಬರುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು, ವಾಸನೆ ತಿರುಗಿದರೆ ಚೆಲ್ಲಿಬಿಡಿ. ಹಚ್ಚುವಾಗ ಅಷ್ಟೇ ನೀರು ಸೇರಿಸಿ ತೆಳ್ಳಗೆ ಮಾಡಿಕೊಳ್ಳಿ. ದಪ್ಪಗೆ ಹಚ್ಚಿದರೆ ಬಾಚುವಾಗ ಹೊಟ್ಟಿನಂತೆ ಬಿಳಿ ಪುಡಿ ಉದುರುತ್ತದೆ, ಕಪ್ಪು ಕೂದಲಿನ ಮೇಲೆ ಅದು ಕ್ಯಾಮೆರಾಕ್ಕೆ ಎದ್ದು ಕಾಣುತ್ತದೆ.

ಈಗ ಪಿನ್ ಕರ್ಲ್. ಕೂದಲು ಮುಕ್ಕಾಲು ಪಾಲು ಒಣಗಿರಲಿ, ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಬೆಳಗಾದರೂ ಒಳಗೆ ಒಣಗಿರುವುದಿಲ್ಲ. ಬೈತಲೆಯನ್ನು ಈಗಲೇ ತೆಗೆದುಬಿಡಿ. ಆ ಕಾಲಕ್ಕೆ ಹೆಚ್ಚಾಗಿ ಒಪ್ಪುವುದು ಪಕ್ಕದ ಬೈತಲೆ. ಟೇಲ್ ಕೋಂಬ್‌ನಿಂದ 2.5 ಸೆಂಟಿಮೀಟರ್ ಚೌಕದ ಒಂದೊಂದು ಭಾಗ ಬೇರ್ಪಡಿಸಿ, ಲೋಷನ್ ಹಚ್ಚಿ, ಬುಡದಿಂದ ತುದಿಯವರೆಗೆ ಸಿಕ್ಕಿಲ್ಲದಂತೆ ಬಾಚಿ. ತುದಿಯನ್ನು ಒಂದು ಬೆರಳಿನ ಸುತ್ತ ಸುತ್ತಿ, ಬಳೆ ಬಿಚ್ಚದಂತೆ ಬುಡದವರೆಗೆ ಸುರುಳಿ ಮಾಡುತ್ತ ಬಂದು, ತಲೆಗೆ ಚಪ್ಪಟೆಯಾಗಿ ಒತ್ತಿ ಪಿನ್ ಹಾಕಿ. ಸುತ್ತುವುದು ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗಲ್ಲ. ಉಲ್ಟಾ ಸುತ್ತಿದರೆ ಬುಡದಲ್ಲಿ ಬಿಗಿ, ತುದಿಯಲ್ಲಿ ಸಡಿಲವಾಗಿ, ಮಾರನೆಯ ದಿನ ತುದಿಗಳು ನೇರವಾಗಿ ಚಾಚಿಕೊಂಡಿರುತ್ತವೆ. ತುದಿ ಒಳಗೆ ಮಡಚಿಕೊಂಡರೆ ಮೀನಿನ ಗಾಳದಂಥ ಕೊಕ್ಕೆಯಾಗುತ್ತದೆ, ಅದನ್ನು ಯಾವ ಬ್ರಷ್ಷೂ ಸರಿ ಮಾಡಲಾರದು. ಲೇಯರ್ ಇರುವ ತುದಿಗಳಿಗೆ ಸಣ್ಣ ಟಿಶ್ಯೂ ಚೂರು ಮಡಿಸಿ ಹಿಡಿದು ಸುತ್ತಿದರೆ ಈ ತೊಂದರೆ ಇರುವುದಿಲ್ಲ. ಬಾಬಿ ಪಿನ್ನಿಗಿಂತ ಒಂಟಿ ಕಡ್ಡಿಯ ಅಲ್ಯೂಮಿನಿಯಂ ಕ್ಲಿಪ್ ವಾಸಿ, ಕೂದಲಿನ ಮೇಲೆ ಗೆರೆ ಬೀಳುವುದಿಲ್ಲ. ಕಲಾವಿದೆ ಅದನ್ನು ಹಾಕಿಕೊಂಡೇ ಮಲಗಬೇಕಾದರೆ ಮಾತ್ರ ಎರಡು ಬಾಬಿ ಪಿನ್ ಅಡ್ಡಡ್ಡ.

ದಿಕ್ಕು ಮುಖ್ಯ, ಬಹಳ ಜನ ಎಡವುವುದು ಇಲ್ಲೇ. ರೋಲ್ ಆಗಬೇಕಾದ ಮುಂಭಾಗದಲ್ಲಿ ಬಳೆಗಳನ್ನು ಚಪ್ಪಟೆ ಮಲಗಿಸದೆ, ಮುಖದಿಂದ ಹಿಂದಕ್ಕೆ ತಿರುಗುವಂತೆ ನಿಲ್ಲಿಸಿ ಪಿನ್ ಹಾಕಬೇಕು. ಆಗ ಬುಡದಲ್ಲೇ ಎತ್ತರ ಸಿಗುತ್ತದೆ. ಪಕ್ಕಗಳಲ್ಲಿ ಅಲೆ ಬೇಕೆಂದರೆ ಒಂದು ಸಾಲು ಗಡಿಯಾರದ ದಿಕ್ಕಿಗೆ, ಅದರ ಕೆಳಗಿನ ಸಾಲು ವಿರುದ್ಧ ದಿಕ್ಕಿಗೆ. ಎರಡೂ ಸಾಲು ಸೇರುವ ಗಡಿಯಲ್ಲಿ ಅಲೆಯ ಏಣು ಮೂಡುತ್ತದೆ. ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿದರೆ ಬಾಚಿದಾಗ ಅಲೆ ಬರುವುದಿಲ್ಲ, ಬರೀ ಗುಂಗುರು ಬರುತ್ತದೆ. ನೆತ್ತಿಯ ಹಿಂಭಾಗವನ್ನು ಚಪ್ಪಟೆಯಾಗಿಯೇ ಬಿಡಿ. ಯುದ್ಧಕಾಲದ ಎತ್ತರವೆಲ್ಲ ಹಣೆಯ ಮೇಲೆ ಮತ್ತು ಪಕ್ಕದಲ್ಲಿ. ನೆತ್ತಿಯನ್ನು ಬ್ಯಾಕ್‌ಕೋಂಬ್ ಮಾಡಿ (ತುದಿಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ) ಉಬ್ಬಿಸಿದರೆ ಪಾತ್ರ ಆ ಕ್ಷಣವೇ 1960ರ ದಶಕಕ್ಕೆ ಜಿಗಿದುಬಿಡುತ್ತದೆ. ಟೋಪಿ ಕೂರುವುದೂ ಆ ಚಪ್ಪಟೆ ಜಾಗದ ಮೇಲೆಯೇ. ಆದ್ದರಿಂದ ಸಮವಸ್ತ್ರದ ಪಾತ್ರವಾದರೆ ವೇಷಭೂಷಣದವರಿಂದ ಟೋಪಿಯನ್ನು ಮೊದಲೇ ತರಿಸಿ ತಲೆಯ ಮೇಲಿಟ್ಟು ನೋಡದೆ ರೋಲ್‌ನ ಜಾಗ ನಿರ್ಧರಿಸಬೇಡಿ.

ದಪ್ಪ ಕೂದಲಿಗೆ 60ರಿಂದ 80 ಬಳೆ, ಒಂದರಿಂದ ಒಂದೂವರೆ ಗಂಟೆ ಕೆಲಸ. ಹುಡ್ ಡ್ರೈಯರ್ ಕೆಳಗೆ ಕೂರಿಸುವುದಾದರೆ 45ರಿಂದ 60 ನಿಮಿಷ, ಆಮೇಲೆ ಪೂರ್ತಿ ತಣ್ಣಗಾಗಲು ಇನ್ನೂ 15 ನಿಮಿಷ. ಬಿಸಿಯಿರುವ ಕೂದಲು ಒಣಗಿದೆಯೆಂದೇ ಅನ್ನಿಸುತ್ತದೆ, ಕೈ ಮೋಸಹೋಗುತ್ತದೆ. ತಣ್ಣಗಾದ ಮೇಲೆ ಕಿವಿಯ ಹಿಂದಿನ ಒಂದು ಬಳೆ ಬಿಚ್ಚಿ, ಒಳಸುತ್ತನ್ನು ತುಟಿಗೆ ತಾಗಿಸಿ ನೋಡಿ. ತಂಪು ತಾಗಿದರೆ ಇನ್ನೂ ತೇವವಿದೆ, ಮತ್ತೆ ಸುತ್ತಿ ಕಾಯಬೇಕು. ಇಲ್ಲಿ ಹತ್ತು ನಿಮಿಷ ಉಳಿಸಲು ಹೋದವರು ಸಂಜೆಯವರೆಗೂ ಪಿನ್ ಚುಚ್ಚುತ್ತಲೇ ಇರಬೇಕಾಗುತ್ತದೆ.

ಬಿಚ್ಚಿದಾಗ ಕಾಣುವ ತಲೆಯನ್ನು ನೋಡಿ ನಿರ್ದೇಶಕರು ಗಾಬರಿಯಾಗುವುದು ಸಹಜ. ಪುಟ್ಟ ಪುಟ್ಟ ಸ್ಪ್ರಿಂಗ್‌ಗಳ ಗುಡ್ಡೆ ಅದು. ಅನುಭವವಿಲ್ಲದವರು ಇಲ್ಲಿ ಸೆಟ್ ಹಾಳಾದೀತೆಂದು ಬೆರಳಲ್ಲಿ ಬಿಡಿಸಿ ನಿಲ್ಲಿಸಿಬಿಡುತ್ತಾರೆ. ಅದೇ ದೊಡ್ಡ ತಪ್ಪು. ದಟ್ಟ ರೋಮದ ಬ್ರಷ್ ಹಿಡಿದು ಬುಡದಿಂದ ತುದಿಯವರೆಗೆ, ಕೆಳಗಿನ ಪದರದಿಂದ ಶುರುಮಾಡಿ 10ರಿಂದ 15 ನಿಮಿಷ ಧೈರ್ಯವಾಗಿ ಬಾಚಬೇಕು. ಸರಿಯಾಗಿ ಒಣಗಿದ ಸೆಟ್ ಬಾಚಿದರೆ ಹೋಗುವುದಿಲ್ಲ. ಸುರುಳಿಗಳು ಒಂದನ್ನೊಂದು ಕೂಡಿಕೊಂಡು ಅಲೆಯಾಗುತ್ತವೆ. ಮೊದಲು ಉಬ್ಬಿ ಮೋಡದಂತಾಗುತ್ತದೆ, ಆಮೇಲೆ ತಾನೇ ತಗ್ಗುತ್ತದೆ. ಆ ಹಂತದಲ್ಲಿ ಕಡಲೆಕಾಳಿನಷ್ಟು ಪೋಮೇಡ್ (ಕೂದಲಿಗೆ ಹಚ್ಚುವ ಜಿಡ್ಡಿನ ಲೇಪ) ಅಂಗೈಯಲ್ಲಿ ಉಜ್ಜಿ ಮೇಲ್ಮೈಗೆ ಸವರಿ, ಎಡಗೈಯಿಂದ ಅಲೆಯ ತಗ್ಗನ್ನು ಒತ್ತಿ ಹಿಡಿದು ಬಲಗೈಯಿಂದ ಬಾಚುತ್ತ ಹೋಗಿ. ಬಾಚಿದ ಮೇಲೂ ಅಲೆ ಕೂಡದೆ ಹರಡಿಕೊಂಡೇ ಇದ್ದರೆ ಕಾರಣ ದಿಕ್ಕಿನದು. ಪೂರ್ತಿ ಇಳಿದುಹೋದರೆ ತೇವದ್ದು.

ಇಷ್ಟಾದ ಮೇಲೆ ರೋಲ್ ಎಂಬುದು ಕಷ್ಟವೇ ಅಲ್ಲ. ಬೈತಲೆಯ ಪಕ್ಕ, ಹಣೆಯ ಅಂಚಿನಿಂದ ಹಿಂದಕ್ಕೆ ಸುಮಾರು 7 ಸೆಂಟಿಮೀಟರ್ ಆಳದ ಭಾಗ ತೆಗೆದುಕೊಳ್ಳಿ. ಒಳಮೈಯಲ್ಲಿ ಬುಡದಿಂದ 4 ಸೆಂಟಿಮೀಟರ್‌ನಷ್ಟು ಬ್ಯಾಕ್‌ಕೋಂಬ್ ಮಾಡಿ, ಹೊರಮೈಯನ್ನು ನುಣ್ಣಗೆ ಬಾಚಿ. ಎಳೆಗಳನ್ನು ಮೇಲಕ್ಕೆ ಎಳೆದು ಹಿಡಿದು, ತುದಿಯನ್ನು ಎರಡು ಬೆರಳಿಗೆ ಸುತ್ತಿ ತಲೆಯವರೆಗೆ ಉರುಳಿಸಿಕೊಂಡು ಬನ್ನಿ. ಪಿನ್ ರೋಲ್‌ನ ಒಳಗಿನಿಂದ ಹೋಗಬೇಕು. ಅಲೆಯಲೆಯಾಗಿರುವ ಕಡ್ಡಿ ತಲೆಯ ಕಡೆಗೆ, ನೇರ ಕಡ್ಡಿ ಹೊರಗೆ. ಮೊದಲ ಪಿನ್ ಅನ್ನು ಎರಡನೆಯದು ಅಡ್ಡ ದಾಟಿ ಬೀಗ ಹಾಕಬೇಕು. ಎಂಟು ಹತ್ತು ಪಿನ್ ಚುಚ್ಚಿದರೂ ಅಲುಗುವ ರೋಲ್‌ಗೆ ಇನ್ನೊಂದು ಪಿನ್ ಮದ್ದಲ್ಲ. ಬಿಚ್ಚಿ, ಭಾಗ ಚಿಕ್ಕದು ಮಾಡಿ ಮತ್ತೆ ಸುತ್ತಿ. ತೆಳ್ಳಗಿನ ಕೂದಲಾದರೆ ಒಳಗೆ ಚೌರಿಯ ಉಂಡೆ ಇಡಬಹುದು. ಬ್ರಷ್ಷಿನಲ್ಲಿ ಉದುರಿದ ಕೂದಲನ್ನೇ ಹೇರ್‌ನೆಟ್‌ನಲ್ಲಿ ತುಂಬಿ ಮಾಡುವುದು ಹಳೆಯ ಪದ್ಧತಿ, ಬಣ್ಣ ಹೊಂದಿಸುವ ತಲೆನೋವು ಇರುವುದಿಲ್ಲ.

ಎರಡೂ ಕಡೆ ಒಂದೇ ಅಳತೆಯ, ಮುಂದಿನಿಂದ ನೋಡಿದರೆ ಆಚೆ ಕಾಣುವಂಥ ಕೊಳವೆಗಳು ಇಂದಿನ ಪಿನ್‌ಅಪ್ ಫೋಟೋಗಳ ಮಾತು. ಅಂದಿನ ಚಿತ್ರಗಳಲ್ಲಿ ರೋಲ್ ಮೆತ್ತಗಿರುತ್ತದೆ, ಒಂದು ಪಕ್ಕ ದೊಡ್ಡದಿರುತ್ತದೆ, ತೂತು ಅಷ್ಟಾಗಿ ಕಾಣುವುದಿಲ್ಲ. ಕಿವಿಯ ಮೇಲೆ ದೊಡ್ಡ ಬಟ್ಟೆ ಹೂವು ಸಿಕ್ಕಿಸುವ ಮೊದಲು ಪಾತ್ರ ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿಕೊಳ್ಳಬೇಕು. ಹೈಲೈಟ್ ಮಾಡಿಸಿದ ಕೂದಲಿದ್ದರೆ ರೋಲ್ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ತೊಳೆದರೆ ಹೋಗುವ ಕಲರ್ ಸ್ಪ್ರೇ ಹಾಕದೆ ಕ್ಯಾಮೆರಾ ಮುಂದೆ ಕಳಿಸಬೇಡಿ.

ಹಿಂಭಾಗಕ್ಕೆ ಒಂದೇ ನಿಯಮ: ಕೂದಲು ಕಾಲರ್‌ಗೆ ತಾಗಬಾರದು. ಬ್ರಿಟನ್ನಿನ ಎಟಿಎಸ್ (ಭೂಸೇನೆ), ವಾಫ್ (ವಾಯುಪಡೆ) ಮಹಿಳಾ ದಳಗಳಲ್ಲಿ ಅದು ಆಜ್ಞೆಯೇ ಆಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಇಂದಿಗೂ ನಿಲ್ಲುತ್ತದೆ. ಹಳೆಯ ಸ್ಟಾಕಿಂಗ್ ಅಥವಾ ಅಗಲ ರಿಬ್ಬನ್ನನ್ನು ಹಣೆಯ ಅಂಚಿನಿಂದ ಕುತ್ತಿಗೆಯವರೆಗೆ ತಲೆಯ ಸುತ್ತ ಕಟ್ಟಿ, ಕೂದಲನ್ನು ಸ್ವಲ್ಪ ಸ್ವಲ್ಪವಾಗಿ ಅದರ ಮೇಲಿಂದ ಸುತ್ತಿ ಒಳಗೆ ತೂರಿಸುತ್ತ ಬರುವುದು. ಪಿನ್ ಅಭಾವದ ಕಾಲಕ್ಕೆ ಹೇಳಿಮಾಡಿಸಿದ ವಿಧಾನ. ಕಾರ್ಖಾನೆಯಲ್ಲಂತೂ ಇದು ಜೀವದ ಪ್ರಶ್ನೆ. ಒಂದು ಕಣ್ಣು ಮುಚ್ಚುವಂತೆ ಕೂದಲು ಇಳಿಬಿಡುತ್ತಿದ್ದ ಹಾಲಿವುಡ್ ನಟಿ ವೆರೋನಿಕಾ ಲೇಕ್, ಅವರನ್ನು ಅನುಕರಿಸುವ ಕೆಲಸಗಾರ್ತಿಯರ ಕೂದಲು ಯಂತ್ರಕ್ಕೆ ಸಿಕ್ಕಬಾರದೆಂದು, ಅಮೆರಿಕ ಸರ್ಕಾರದ ಕೋರಿಕೆಯಂತೆ ತಮ್ಮ ಶೈಲಿಯನ್ನೇ ಬದಲಿಸಿ ಕೂದಲನ್ನು ಎತ್ತಿ ಕಟ್ಟಿದರು. ಜೆ. ಹೊವರ್ಡ್ ಮಿಲ್ಲರ್ 1943ರಲ್ಲಿ ಬರೆದ 'ವಿ ಕ್ಯಾನ್ ಡೂ ಇಟ್!' ಪೋಸ್ಟರಿನ ಕೆಲಸಗಾರ್ತಿ ತಲೆಗೆ ಕಟ್ಟಿದ ಕೆಂಪು ಚುಕ್ಕಿ ಬಟ್ಟೆಯೂ ಇದೇ ಅಗತ್ಯದ್ದು. 90 ಸೆಂಟಿಮೀಟರ್ ಚೌಕದ ಹತ್ತಿ ಬಟ್ಟೆಯನ್ನು ತ್ರಿಕೋನ ಮಡಿಸಿ, ಉದ್ದ ಅಂಚು ಕುತ್ತಿಗೆಗೆ, ಮೊನೆ ಹಣೆಗೆ ಬರುವಂತಿಟ್ಟು, ಎರಡು ತುದಿಗಳನ್ನು ಮೇಲೆ ತಂದು ಗಂಟು ಹಾಕಿ, ಮೊನೆಯನ್ನು ಗಂಟಿನ ಮೇಲಿಂದ ಒಳಗೆ ಸೇರಿಸಿ. ರೇಷ್ಮೆ ಜಾರುತ್ತದೆ, ಹತ್ತಿಯೇ ಇರಲಿ.

ಕಥೆ ಬೆಂಗಳೂರಿನ ದಂಡು ಪ್ರದೇಶದ್ದಾದರೆ ಇನ್ನೂ ಎಚ್ಚರ ಬೇಕು. 1942ರಲ್ಲಿ ಶುರುವಾದ ವಿಮೆನ್ಸ್ ಆಕ್ಸಿಲಿಯರಿ ಕೋರ್ (ಇಂಡಿಯಾ) ದಳಕ್ಕೆ ಆಂಗ್ಲೋ-ಇಂಡಿಯನ್ ಯುವತಿಯರು ಬಹಳ ಮಂದಿ ಸೇರಿದರು. ಅಂಥ ಪಾತ್ರಕ್ಕೆ ಮೇಲಿನದೆಲ್ಲ ಅನ್ವಯಿಸುತ್ತದೆ. ಆದರೆ ಅದೇ ದಳದ ನೌಕಾ ವಿಭಾಗದ ಅಧಿಕಾರಿ ಕಲ್ಯಾಣಿ ಸೇನ್ ಅವರ 1945ರ ಪ್ರಸಿದ್ಧ ಫೋಟೋದಲ್ಲಿ ಸಮವಸ್ತ್ರವೇ ಸೀರೆ. ಸೀರೆಯುಟ್ಟ ಪಾತ್ರಕ್ಕೆ ಹಣೆಯ ಮೇಲೆ ಎರಡು ರೋಲ್ ಕೂರಿಸುವುದು ನಮ್ಮ ಹುರುಪೇ ಹೊರತು ಆ ಕಾಲದ್ದಲ್ಲ. ಮುಂದೆ ಒಂದೆರಡು ಮೆತ್ತನೆಯ ಅಲೆ, ಹಿಂದೆ ಕುತ್ತಿಗೆಗೆ ತಗ್ಗಿ ಕೂತ ತುರುಬು ಸಾಕು. ಆ ಅಲೆಗೂ ಪಿನ್ ಕರ್ಲ್ ಬೇಕು, ಆದರೆ 80 ಅಲ್ಲ, ಹತ್ತು ಹನ್ನೆರಡು.

ಎರಡನೆಯ ದಿನವೂ ಶೂಟಿಂಗ್ ಇದ್ದರೆ ತಲೆಸ್ನಾನ ಬೇಡ. ರಾತ್ರಿ ಪಿನ್‌ಗಳನ್ನು ಎಣಿಸಿ ತೆಗೆದು, ಮುಂಭಾಗಕ್ಕೆ ಮಾತ್ರ ನೀರು ಚಿಮುಕಿಸಿ ಹದಿನೈದಿಪ್ಪತ್ತು ಬಳೆ ಸುತ್ತಿ, ಸ್ಕಾರ್ಫ್ ಕಟ್ಟಿ ಕಳಿಸಿ. ಎರಡನೆಯ ದಿನದ ಕೂದಲು ಮೊದಲ ದಿನಕ್ಕಿಂತ ಚೆನ್ನಾಗಿ ಮಾತು ಕೇಳುತ್ತದೆ. ಶೂಟಿಂಗ್ ಮುಗಿದ ದಿನ ಬ್ಯಾಕ್‌ಕೋಂಬ್ ಮಾಡಿದ ಜಾಗವನ್ನು ತುದಿಯಿಂದ ಶುರುಮಾಡಿ ಬುಡದ ಕಡೆಗೆ ಬಿಡಿಸಿ, ಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ತೊಳೆಯಲು ಹೇಳಿ. ಕಾಲ್‌ಶೀಟ್ ಬರೆಯುವವರಿಗೂ ಮುಂಚೆಯೇ ತಿಳಿಸಿ: ಹೇರ್ ವಿಭಾಗಕ್ಕೆ ಹಿಂದಿನ ಸಂಜೆ 2 ಗಂಟೆ, ಬೆಳಿಗ್ಗೆ 1 ಗಂಟೆ. ಸಂಜೆಯ 2 ಗಂಟೆಯನ್ನು ಕೊಡದವರಿಗೆ ಒಳ್ಳೆಯ ವಿಗ್ ಒಂದನ್ನು ಸೆಟ್ ಮಾಡಿ ಕೊಡುವುದೇ ಸರಿ.