ಡಬ್ಬಿ ಮೇಲೆ ‘ಬೋಲ್ಟ್ ಆನ್’ ಅಂತಿದ್ದರೂ ಅಳತೆ ನಮ್ಮದೇ

ಹಳೇ ಮಾರುತಿ ಜಿಪ್ಸಿ ಜೀಪನ್ನು ಎತ್ತರಿಸಿ ಕಟ್ಟಿಸಲು ಬರುವವರು ಸಸ್ಪೆನ್ಷನ್ ಕಿಟ್ಟನ್ನೂ ಜೊತೆಗೇ ತಂದಿರ್ತಾರೆ. ಡಬ್ಬಿ ಮೇಲೆ ‘ಬೋಲ್ಟ್ ಆನ್’, ಅಂದ್ರೆ ಬೋಲ್ಟ್ ಬಿಗಿದರೆ ಸಾಕು, ಅಂತ ಬರೆದಿರ್ತದೆ. ಆನ್‌ಲೈನಲ್ಲಿ ತರಿಸಿದ ಕಮಾನ್ ಪಟ್ಟಾ (ಗಾಡಿಯ ತೂಕ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು), ಉದ್ದನೆಯ ಶಾಕಪ್ (ಶಾಕ್ ಅಬ್ಸಾರ್ಬರ್), ಪಟ್ಟಾ ಕಟ್ಟನ್ನು ಆಕ್ಸೆಲ್ಲಿಗೆ ಬಿಗಿಯುವ ಯು-ಬೋಲ್ಟ್, ರಬ್ಬರ್ ಬುಷ್. ‘ಅಣ್ಣಾ, ಬರೇ ಬಿಚ್ಚಿ ಹಾಕೋದದ, ಸಂಜೀಕ ಕೊಡ್ರಿ’ ಅಂತಾರೆ. ಕಲಬುರಗಿಯ ನಮ್ಮ ಗ್ಯಾರೇಜಿನಲ್ಲಿ ಸಂಜೆಗೆ ಕೊಡೋ ಮಾತೇ ಇಲ್ಲ. ಅಳತೆಗೆ ಬೇರೆ ಕೂಲಿ ಅಂತಲೂ ಮೊದಲೇ ಹೇಳಿಬಿಡ್ತೀನಿ.

ಸುಜುಕಿ ಸಮುರಾಯ್ ಜೀಪಿಗೆಂದು ಮಾಡಿದ ಕಿಟ್ ಜಿಪ್ಸಿಗೂ ಕೂಡ್ತದ ಅಂತ ತರುವವರಿದ್ದಾರೆ. ಎರಡೂ ಒಂದೇ ಮನೆತನದವು, ನಿಜ. ಆದರೆ ಸಮುರಾಯ್‌ನ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ದೂರ) 2030 ಮಿ.ಮೀ., ಜಿಪ್ಸಿಯದು 2375. ಹಿಂದೆ ಬೀಳುವ ತೂಕವೂ ಬೇರೆ, ಎಂಜಿನ್ನಿನ ಶಕ್ತಿಯನ್ನು ಆಕ್ಸೆಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬೇರೆ.

ನಾನು ಮೊದಲು ನೋಡೋದು ಶಾಕಪ್ ಉದ್ದ. ಗಾಡಿಯ ಚಾಸಿಸ್ಸನ್ನು ಸ್ಟ್ಯಾಂಡಿನ ಮೇಲೆ ಕೂಡಿಸಿ, ಪಟ್ಟಾ ಕಟ್ಟು ಬಿಚ್ಚಿ ಮೇಲಿನ ಉದ್ದ ಪಟ್ಟಾ ಒಂದನ್ನೇ ಉಳಿಸ್ತೀನಿ. ಆಗ ಆಕ್ಸೆಲ್ ಜಾಕಿಗೆ ಸುಲಭವಾಗಿ ಏರ್ತದೆ. ಬಂಪ್ ಸ್ಟಾಪ್‌ಗೆ (ಆಕ್ಸೆಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ತಾಗುವವರೆಗೆ ಏರಿಸಿ, ಶಾಕಪ್ಪಿನ ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಅಳೀತೀನಿ. ಪೂರ್ತಿ ಮುಚ್ಚಿದ ಶಾಕಪ್ ಇದಕ್ಕಿಂತ ಗಿಡ್ಡ ಇರಲೇಬೇಕು. ಇಲ್ಲದಿದ್ದರೆ ರಬ್ಬರ್ ತಡೆಯಬೇಕಾದ ಪೆಟ್ಟು ಶಾಕಪ್ಪಿನ ಹೊಟ್ಟೆಗೆ ಬೀಳ್ತದೆ, ಮೊದಲು ಸೀಲ್ ಹೋಗ್ತದೆ, ಆಮೇಲೆ ಚಾಸಿಸ್ಸಿನ ಬ್ರಾಕೆಟ್ಟೇ ಕಿತ್ತು ಬರ್ತದೆ. ಪಟ್ಟಾ ಮತ್ತೆ ಕಟ್ಟಿದ ಮೇಲೆ ಆಕ್ಸೆಲ್ ಜೋತುಬಿಟ್ಟು ಇನ್ನೊಂದು ಅಳತೆ. ಆ ಸ್ಥಿತಿಯಲ್ಲೇ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ನೋಡಬೇಕು. ಅದು ಬಿಗಿದಿದ್ದರೆ ಉದ್ದನೆಯದು ಬರುವವರೆಗೆ ಗಾಡಿ ಹೊರಗೆ ಬಿಡೋದಿಲ್ಲ.

ಇಷ್ಟು ಹಟ ಯಾಕಂದ್ರೆ, ನಮ್ಮ ಕಡೆ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರೀತದೆ. ಮೇಲಿನ ಡಾಂಬರು ಅಲೆಅಲೆ. ಅದರ ಮೇಲೆ ಸೇಡಂ ಕಡೆಯ ಸಿಮೆಂಟ್ ಲಾರಿಗಳ ಓಡಾಟ. ಶಾಕಪ್ ಪೂರ್ತಿ ಮುಚ್ಚಿ ಪೂರ್ತಿ ತೆರೆಯೋದು ಇಲ್ಲಿ ಅಪರೂಪವೇನಲ್ಲ.

ಇನ್ನು ಪಟ್ಟಾಗಳನ್ನೆಲ್ಲ ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್. ಆಕ್ಸೆಲ್ಲಿನಲ್ಲಿ ಪಟ್ಟಾ ಕೂಡುವ ಪಟ್ಟಿಯ ತೂತಿನಲ್ಲಿ ಅದರ ತಲೆ ಸರಿಯಾಗಿ ಕೂತರೇ ಆಕ್ಸೆಲ್ ಜಾಗದಲ್ಲಿರ್ತದೆ. ತಲೆ ಸಣ್ಣದಿದ್ದರೆ ಲೇತ್‌ನಲ್ಲಿ ಬಳೆ ಮಾಡಿಸ್ತೀನಿ. ದಪ್ಪ ಇದ್ದರೆ ತಲೆಯನ್ನೇ ಲೇತ್‌ನಲ್ಲಿ ಕಡೆಸಿ ಸಣ್ಣ ಮಾಡಿಸ್ತೀನಿ, ತೂತು ಮಾತ್ರ ದೊಡ್ಡದು ಮಾಡೋದಿಲ್ಲ. ಶಾಕಪ್ ಕಣ್ಣಿನ ಬುಷ್ ಪಿನ್ನಿಗೆ ಸಡಿಲಾದರೂ ಹಾಗೇ, ಅಳತೆಯ ಸ್ಲೀವ್ ಬೇಕು. ವಾಷರ್ ತುರುಕಿ ‘ನಡೀತದ ಬಿಡ್ರಿ’ ಅನ್ನೋ ಕೆಲಸಕ್ಕೆ ನಮ್ಮಲ್ಲಿ ಜಾಗ ಇಲ್ಲ. ಕಮಾನ್ ಪಟ್ಟಾಕ್ಕೆ ವೆಲ್ಡಿಂಗೂ ಇಲ್ಲ. ಕಾವಿಗೆ ಅದರ ಹದ ಕೆಡ್ತದೆ.

ಉದ್ದನೆಯ ಶಾಕಲ್ (ಪಟ್ಟಾದ ಒಂದು ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿ) ಬಗ್ಗೆ ಹುಡುಗರಿಗೆ ಭಾರಿ ಆಸೆ. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರೋದು ಸುಮಾರು ಒಂದೇ ಇಂಚು, ಯಾಕಂದ್ರೆ ಪಟ್ಟಾದ ಇನ್ನೊಂದು ತುದಿ ಇದ್ದಲ್ಲೇ ಇರ್ತದೆ. ಜೊತೆಗೆ ಆಕ್ಸೆಲ್ ಓರೆಯಾಗಿ ಶಾಫ್ಟಿನ ಕೋನ ಕೆಡ್ತದೆ, ವೇಗದಲ್ಲಿ ನಡುಕ ಶುರು. ಎತ್ತರವೇ ಬೇಕೆಂದರೆ ಪಟ್ಟಾದಿಂದಲೇ ತಗೋಬೇಕು, ಅದೂ ಮಿತಿಯಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಇದನ್ನು ಗಿರಾಕಿಗೆ ಕೆಲಸ ಹಿಡಿಯುವ ಮೊದಲೇ ಹೇಳ್ತೀನಿ. ಕೆಲವರು ಕಿಟ್ ಎತ್ತಿಕೊಂಡು ಬೇರೆ ಗ್ಯಾರೇಜಿಗೆ ಹೋಗ್ತಾರೆ. ಹೋಗಲಿ.

ಕೂಡಿಸುವಾಗ ಹೊಸ ಹುಡುಗರಿಗೆ ಪದೇಪದೇ ಹೇಳೋದು ಇದು: ಪಟ್ಟಾ ಕಣ್ಣಿನ ಬೋಲ್ಟುಗಳನ್ನು ಗಾಡಿ ಎತ್ತಿದ್ದಾಗ ಬರೇ ಕೈಯಿಂದ ಹತ್ತಿಸಿ ಬಿಡ್ರಿ. ಗಾಲಿ ನೆಲಕ್ಕೆ ಬಂದು ತೂಕ ಕೂತ ಮೇಲೆಯೇ ಬಿಗಿ. ಜೋತಾಡುವಾಗ ಬಿಗಿದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರೀತದೆ. ಯು-ಬೋಲ್ಟ್ ಹಳೇದು ಬೇಡ, ಹೊಸದೇ ಹಾಕಬೇಕು. ನೂರಿನ್ನೂರು ಕಿಲೋಮೀಟರ್ ಓಡಿಸಿ ಬಂದ್ರೆ ಟಾರ್ಕ್ ರೆಂಚ್ ಹಚ್ಚಿ ಮತ್ತೆ ಬಿಗಿದು ಕೊಡ್ತೀವಿ, ಅದಕ್ಕೆ ರೊಕ್ಕ ತಗೊಳ್ಳೋದಿಲ್ಲ.