ಡೆಪ್ತ್ ಮ್ಯಾಪ್‌ನ ಗುಂಡಿಗಳು ಮುಚ್ಚಿದವು, ಇನ್ನು ಮೀಟರ್ ಲೆಕ್ಕ

ನನ್ನ ಡೆಪ್ತ್ ಮ್ಯಾಪ್‌ನಲ್ಲಿ, ಅಂದರೆ ಪ್ರತಿ ಪಿಕ್ಸೆಲ್‌ನ ದೂರ ತೋರಿಸುವ ಚಿತ್ರದಲ್ಲಿ, ಮುಂದೆ ಹೋಗುವ ಕಾರಿನ ಜಾಗದಲ್ಲಿ ಬೀಳುತ್ತಿದ್ದ ಕಪ್ಪು ಗುಂಡಿ ಕೊನೆಗೂ ಹೋಯಿತು. ತುಂಬಾ ಖುಷಿಯಾಗಿದೆ.

ಒಂದೇ ಚಿತ್ರ ನೋಡಿ ಪ್ರತಿ ಪಿಕ್ಸೆಲ್ ಎಷ್ಟು ದೂರದಲ್ಲಿದೆ ಅಂತ ಹೇಳುವ ನ್ಯೂರಲ್ ನೆಟ್‌ವರ್ಕ್ ಇದು. ಟ್ರೇನಿಂಗ್‌ಗೆ ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಸಾಧನ) ಅಳತೆ ಕೊಟ್ಟಿಲ್ಲ, ಓಡುವ ಕಾರಿನಿಂದ ತೆಗೆದ ಕಿಟ್ಟಿ ಡೇಟಾಸೆಟ್‌ನ ವಿಡಿಯೋ ಮಾತ್ರ. ಒಂದು ನೆಟ್‌ವರ್ಕ್ ಆಳ, ಅಂದರೆ ಕ್ಯಾಮೆರಾದಿಂದ ದೂರ, ಊಹಿಸುತ್ತದೆ, ಇನ್ನೊಂದು ಎರಡು ಫ್ರೇಮ್‌ಗಳ ನಡುವೆ ಕ್ಯಾಮೆರಾ ಹೇಗೆ ಸರಿಯಿತು ಅಂತ ಊಹಿಸುತ್ತದೆ. ಎರಡನ್ನೂ ಸೇರಿಸಿ ಪಕ್ಕದ ಫ್ರೇಮ್‌ನಿಂದ ಈ ಫ್ರೇಮನ್ನು ಮತ್ತೆ ಕಟ್ಟುತ್ತೇವೆ. ಅದು ಅಸಲಿ ಫ್ರೇಮನ್ನು ಹೋಲದಿದ್ದರೆ ಲಾಸ್ (ತಪ್ಪಿನ ಅಳತೆ) ಜಾಸ್ತಿ, ಅದನ್ನು ಕಡಿಮೆ ಮಾಡುತ್ತಲೇ ನೆಟ್‌ವರ್ಕ್ ಕಲಿಯುತ್ತದೆ.

ಇಲ್ಲಿ ಒಂದು ನಂಬಿಕೆ ಅಡಗಿದೆ: ಸುತ್ತಲಿನದ್ದೆಲ್ಲ ನಿಂತಿದೆ, ಕ್ಯಾಮೆರಾ ಮಾತ್ರ ಓಡುತ್ತಿದೆ. ನಮ್ಮಷ್ಟೇ ವೇಗದಲ್ಲಿ ಮುಂದೆ ಹೋಗುವ ಕಾರು ಪ್ರತಿ ಫ್ರೇಮ್‌ನಲ್ಲೂ ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ ಕಾಣುತ್ತದೆ. ನಾವು ಎಷ್ಟು ಮುಂದೆ ಹೋದರೂ ಜರುಗದೆ ಇರುವುದು ಚಂದ್ರನ ಹಾಗೆ ತೀರಾ ದೂರದ್ದೇ ಇರಬೇಕು, ಅಲ್ವಾ? ನೆಟ್‌ವರ್ಕ್ ಹಾಗೇ ತೀರ್ಮಾನಿಸಿ ಕಾರನ್ನು ಅನಂತಕ್ಕೆ ತಳ್ಳುತ್ತಿತ್ತು. ಅದೇ ಆ ಕಪ್ಪು ಗುಂಡಿ.

2019ರ ಮಾನೋಡೆಪ್ತ್2 ಎಂಬ ಇಂಥದ್ದೇ ಮಾದರಿ ಇದಕ್ಕೆ ಸರಳ ದಾರಿ ತೋರಿಸಿದೆ. ಪಕ್ಕದ ಫ್ರೇಮನ್ನು ಏನೂ ಮಾಡದೆ ಸುಮ್ನೆ ಹಾಗೇ ಈ ಫ್ರೇಮ್ ಜೊತೆ ಹೋಲಿಸಬೇಕು. ಕಟ್ಟಿದ ಚಿತ್ರಕ್ಕಿಂತ ಅದೇ ಚೆನ್ನಾಗಿ ಹೊಂದಿದರೆ ಆ ಪಿಕ್ಸೆಲ್ಲನ್ನು ಲಾಸ್‌ನಿಂದ ಬಿಟ್ಟುಬಿಡಬೇಕು. ಕೆಲವೇ ಸಾಲು ಕೋಡ್, ಆದರೆ ನನಗೆ ಇಡೀ ಪ್ರಾಜೆಕ್ಟ್‌ನಲ್ಲಿ ತುಂಬಾ ಇಷ್ಟವಾದ ಭಾಗ ಇದು. ಜೊತೆಗೆ ಹಿಂದಿನ, ಮುಂದಿನ ಫ್ರೇಮ್‌ಗಳ ಲಾಸ್‌ನ ಸರಾಸರಿ ಬದಲು ಪ್ರತಿ ಪಿಕ್ಸೆಲ್‌ಗೂ ಎರಡರಲ್ಲಿ ಕಡಿಮೆಯದ್ದನ್ನು ತೆಗೆದುಕೊಂಡೆ. ಒಂದು ಫ್ರೇಮ್‌ನಲ್ಲಿ ಕಂಬದ ಹಿಂದೆ ಮರೆಯಾದದ್ದು ಇನ್ನೊಂದರಲ್ಲಿ ಕಾಣುತ್ತದಲ್ಲ, ಅದಕ್ಕೆ. ಕಂಬಗಳ ಅಂಚು ಈಗ ಚೂಪಾಗಿದೆ.

ಕಾರಿನ ಗಾಜು ಇನ್ನೂ ಕಾಡುತ್ತಿದೆ, ಅದರಲ್ಲಿ ಬೀಳುವ ಪ್ರತಿಬಿಂಬದ್ದೇ ಆಳ ಬರುತ್ತದೆ.

ಈಗಿನ ಕೆಲಸ ಸ್ಕೇಲ್. ಯಾವುದು ಹತ್ತಿರ, ಯಾವುದು ದೂರ ಅಂತ ಗೊತ್ತಾದರೂ ಎಷ್ಟು ಮೀಟರ್ ಅಂತ ಗೊತ್ತಾಗುವುದಿಲ್ಲ. ಪರೀಕ್ಷಿಸುವಾಗ ನೆಟ್‌ವರ್ಕ್ ಹೇಳಿದ ದೂರಗಳನ್ನು ಲೈಡಾರ್ ಅಳತೆಗಳ ಮೀಡಿಯನ್‌ಗೆ (ನಡುವಿನ ಬೆಲೆಗೆ) ಹೊಂದಿಸಿಕೊಳ್ಳುವುದು ರೂಢಿ. ಲೈಡಾರ್ ಇಲ್ಲದ ಕಡೆ ಅದು ಉಪಯೋಗಕ್ಕೆ ಬಾರದು. ಕಿಟ್ಟಿಯಲ್ಲಿ ಕ್ಯಾಮೆರಾ ನೆಲದಿಂದ 1.65 ಮೀಟರ್ ಎತ್ತರದಲ್ಲಿದೆ. ರಸ್ತೆಯ ಪಿಕ್ಸೆಲ್‌ಗಳಿಗೆ ಒಂದು ಸಮತಲ ಹೊಂದಿಸಿ, ಅಲ್ಲಿಂದ ಬರುವ ಎತ್ತರವನ್ನು ಇದರ ಜೊತೆ ಹೋಲಿಸಿದರೆ ಸ್ಕೇಲ್ ಸಿಗುತ್ತದೆ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಸಂಖ್ಯೆ ಸ್ಥಿರವಾಗಿದೆ. ವಾಹನಗಳು ರಸ್ತೆಯನ್ನು ಮುಚ್ಚಿದ ಕೂಡಲೇ ಜಿಗಿಯುತ್ತದೆ. ಮುಂದಿನ ಹಂತದಲ್ಲಿ ಹಲವು ಫ್ರೇಮ್‌ಗಳ ಸ್ಕೇಲ್‌ನ ಮೀಡಿಯನ್ ಹಿಡಿದು ನೋಡುತ್ತೇನೆ.